ಬಾವುಟದ ಗಿಡ

ಹೂವು ಸೊಟ್ಟಗೆ ಬಂದುಬಿಟ್ಟರೆ ಎಂಬುದು ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಅವಳನ್ನು ಹಿಡಿದುಕೊಂಡ ಚಿಂತೆ. ಇನ್ನೊಬ್ಬರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಹೇಳಿದರೆ, ಅಷ್ಟೇನಾ, ಎಂದು ನಕ್ಕುಬಿಡುವಂಥದ್ದು. ಹಲ್ಲುಜ್ಜುತ್ತ, ಕನ್ನಡಿಯಲ್ಲಿದ್ದ ನೊರೆಬಾಯಿಯವಳಿಗೆ ಮಾತ್ರ ಒಪ್ಪಿಸಿದಳು: ಒಂದು ಸಲ ಹೊಡೆದಿದ್ದರೆ ಸಾಕಿತ್ತು, ಎರಡನೆಯ ಸಲ ಹೊಡೆದದ್ದು ನನ್ನ ಆಸೆಬುರುಕತನ. ಕನ್ನಡಿಯವಳು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅದು ಅವಳ ಹುಟ್ಟುಗುಣ. ಹೊರಗೆ ನಡುಕೋಣೆಯಲ್ಲಿ ಹೊಲಿಗೆ ಯಂತ್ರ ಆಗಲೇ ಶುರುವಾಗಿತ್ತು. ಅಮ್ಮ ಇಷ್ಟು ಬೇಗ ಎದ್ದು ಯಂತ್ರದ ಮುಂದೆ ಕೂರುವುದು ಗಿರಾಕಿಗಳ ಕೆಲಸ ತಲೆಯ ಮೇಲೆ ಕೂತಾಗ ಮಾತ್ರ. ಈಗ ಯಾವ ಗಿರಾಕಿಯದೂ ಅಲ್ಲ ಎಂದು ಇಬ್ಬರಿಗೂ ಗೊತ್ತು, ಇಬ್ಬರೂ ಆ ಮಾತು ಎತ್ತುವುದಿಲ್ಲ. ಯಂತ್ರದ ಹಿಂದಿನ ಮೂಲೆಯಲ್ಲಿ, ಬಟ್ಟೆಯ ಚೂರುಗಳ ಚೀಲಕ್ಕೂ ಗೋಡೆಗೂ ನಡುವೆ, ಆ ಕುಂಡ. ಕಡುಹಸಿರು ಎಲೆಗಳ ಗುಂಪಿನೊಳಗಿಂದ ಒಂದು ದಂಟು ನೆಟ್ಟಗೆ ಮೇಲೆದ್ದು, ತುದಿಯಲ್ಲಿ ಸುರುಳಿ ಸುತ್ತಿದ ಕಾಗದದ ಹಾಗೆ ಮೊಗ್ಗನ್ನು ಹಿಡಿದುಕೊಂಡಿತ್ತು. "ಸಂಜೆ ಒಳಗೆ ಬಿಚ್ಕೊಳ್ಳುತ್ತೆ ಅನ್ಸುತ್ತೆ, ಅಲ್ವೇನೆ?" ಎಂದಳು ಅಮ್ಮ, ತಲೆ ಎತ್ತದೆ, ಹೊಲಿಗೆಗೆ ಹೇಳುವವಳ ಹಾಗೆ. "ನೀನು ಓದಿದವಳು, ನೀನು ಹೇಳು." ಅವಳು ಊಂ ಎಂದಳು. ಊಂ ಎನ್ನುವುದಕ್ಕೆ ಓದಬೇಕಾಗಿರಲಿಲ್ಲ.

ಅದು ಅಂಗಡಿಗಳಲ್ಲಿ, ಆಸ್ಪತ್ರೆಯ ಹಜಾರಗಳಲ್ಲಿ, ಎಲ್ಲ ಕಡೆ ಕಾಣುವ ಗಿಡ. ಪೀಸ್ ಲಿಲಿ ಎಂದು ಅವಳ ಕೆಲಸದ ಕಡೆ ಕರೆಯುತ್ತಾರೆ. ಎಲೆಯಂಥದೇ ಒಂದು ಬಿಳಿಯ ಹಾಳೆ ನಿಲ್ಲುತ್ತದೆ, ಅದರ ಮಡಿಲಲ್ಲಿ ಕಾಳು ಪೋಣಿಸಿದಂಥ ಒಂದು ಕಡ್ಡಿ. ಮನೆಯಲ್ಲಿ ಅದಕ್ಕೆ ಬಾವುಟದ ಗಿಡ ಎಂದು ಹೆಸರಿಟ್ಟವಳು ಅಕ್ಕ. ಅಕ್ಕ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲ. ಅಪ್ಪ ಅಮ್ಮ ಯಾವುದೋ ಕಾರಣಕ್ಕೆ ಮಾತು ಬಿಟ್ಟು, ಊಟದ ತಟ್ಟೆಗಳ ಸದ್ದಿನಲ್ಲೇ ಜಗಳ ಮುಂದುವರಿಸುತ್ತಿದ್ದರು. ಅಕ್ಕ ಕಿಟಕಿಯಿಂದ ಕುಂಡವನ್ನು ಎತ್ತಿಕೊಂಡು ಬಂದು ಇಬ್ಬರ ತಟ್ಟೆಗಳ ನಡುವೆ ದೊಪ್ಪನೆ ಇಟ್ಟಳು. "ನೋಡಿ, ಗಿಡ ಬಿಳಿ ಬಾವುಟ ಎತ್ತಿದೆ. ಯುದ್ಧ ಮುಗೀತು. ಇನ್ನೂ ಜಗಳ ಆಡಿದ್ರೆ ಗಿಡಕ್ಕೆ ಅವಮಾನ." ಅಪ್ಪ ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಕ್ಕಿದ್ದ. ಅಂದಿನಿಂದ ಅದು ಮನೆಯ ಕಾನೂನಾಯಿತು. ಯಾರು ಯಾರ ಮೇಲೆ ಮುನಿಸಿಕೊಂಡಿರಲಿ, ತಪ್ಪು ಯಾರದೇ ಇರಲಿ, ಬಾವುಟ ಎದ್ದರೆ ಮಾತಾಡಬೇಕು. ಮೊದಲು ಮಾತಾಡಿದವರು ಸೋತ ಹಾಗಲ್ಲ. ಅಪ್ಪ ತೀರಿಕೊಂಡ ಮೇಲೂ ಆ ಕಾನೂನು ಹೋಗಲಿಲ್ಲ. ಅಕ್ಕ ಮನೆ ಬಿಟ್ಟು ಹೋದ ಮೇಲೆ, ಸಂಧಾನಕ್ಕೆಂದು ಬಂದ ಚಿಕ್ಕಮ್ಮ ಎಷ್ಟು ಹೇಳಿದರೂ ಅಮ್ಮ ಒಂದೇ ಮಾತು ಹಿಡಿದಳು: "ಬಾವುಟ ಏಳ್ಲಿ, ಆಮೇಲೆ ನೋಡೋಣ." ಹಾಗೆಂದವಳೇ ಮರುದಿನ ಕುಂಡವನ್ನು ಕಿಟಕಿಯಿಂದ ತೆಗೆದು, ಬೆಳಕು ಬೀಳದ ಆ ಮೂಲೆಗೆ ತಳ್ಳಿದಳು. ಬೆಳಕಿಲ್ಲದೆ ಗಿಡ ಹೂ ಬಿಡುವುದಿಲ್ಲ ಎನ್ನುವುದು ಅಮ್ಮನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ತಳ್ಳಿದಳೋ. ಇವಳು ಒಮ್ಮೆ ಸದ್ದಿಲ್ಲದೆ ಅದನ್ನು ಕಿಟಕಿಯ ಕಡೆ ಸರಿಸಿದ್ದಳು. ಸಂಜೆ ಬಂದು ನೋಡಿದರೆ ಅದು ಮತ್ತೆ ಮೂಲೆಯಲ್ಲಿತ್ತು, ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರಿಂದ ಮಿರಮಿರ ಮಿಂಚುತ್ತಿತ್ತು.

ಮೂರು ವರ್ಷವಾಯಿತು. ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ, ಮುಂದಿನ ಸೀಟಿನ ಹೆಂಗಸಿನ ಕತ್ತಿನ ಹಿಂದೆ ಜಾರಿದ ಜಡೆ ನೋಡುತ್ತಿದ್ದಾಗ, ಮೂರು ವರ್ಷ ಎಂಬುದು ಎಲ್ಲಿ ಹೋಯಿತೋ, ಅಕ್ಕ ಆ ದಿನದ ಹಾಗೇ ಕಂದು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗಂಡನನ್ನು ಬಿಟ್ಟು ಬಂದಿದ್ದಳು. ಹೊಡೆತ ಬಡಿತ ಏನಿಲ್ಲವಲ್ಲ ಮತ್ತೇನು, ಎಂದು ಅಮ್ಮ. ಹೊಡೆದಿದ್ರೆ ಚೆನ್ನಾಗಿತ್ತು, ತೋರ್ಸೋಕೆ ಏನಾದ್ರೂ ಇರ್ತಿತ್ತು, ಎಂದು ಅಕ್ಕ. ನಾಲ್ಕು ದಿನ ಇದ್ದು ಮನಸ್ಸು ತಣ್ಣಗಾದ ಮೇಲೆ ವಾಪಸು ಹೋಗು, ಎಂದು ಅಮ್ಮ. ಮಾತಿಗೆ ಮಾತು ಬೆಳೆಯಿತು. ಆಡಬಾರದ್ದು ಎರಡೂ ಕಡೆಯಿಂದ ಬಂತು. ಇವಳು ಆಗ ಗಿಡಕ್ಕೆ ನೀರು ಹಾಕಲು ಕಿಟಕಿಯ ಹತ್ತಿರ ಚೊಂಬು ಹಿಡಿದು ನಿಂತಿದ್ದಳು. ಅಕ್ಕ ಹೊಸ್ತಿಲು ದಾಟುವ ಮೊದಲು ತಿರುಗಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕೈ ಚಾಚಿದ ಹಾಗಿತ್ತು. "ನೀನೇನಂತೀಯೇ ಪುಟ್ಟಿ?" ಎಲ್ಲ ಮಾತುಗಳೂ ಗಂಟಲವರೆಗೆ ಬಂದು ಅಲ್ಲಿ ಸಾಲುಗಟ್ಟಿ ನಿಂತವು, ಯಾವುದು ಮೊದಲು ಹೋಗಬೇಕು ಎಂದು ನೂಕಾಡಿಕೊಂಡವು. ಬಾಯಿಂದ ಹೊರಗೆ ಬಿದ್ದದ್ದು, "ನಾನು ನೀರು ಹಾಕ್ತಾ ಇದ್ದೀನಿ." ಅಕ್ಕ ಒಂದು ಗಳಿಗೆ ಅವಳನ್ನೂ ಚೊಂಬನ್ನೂ ನೋಡಿ, ನಗುವುದಕ್ಕೆ ಹೊರಟ ತುಟಿಯನ್ನು ಅರ್ಧದಲ್ಲೇ ನಿಲ್ಲಿಸಿ, ಮೆಟ್ಟಿಲಿಳಿದುಹೋದಳು. ಮಾತಾಡದವರನ್ನು ಒಪ್ಪಿದವರ ಲೆಕ್ಕಕ್ಕೇ ಸೇರಿಸುತ್ತಾರೆ. ಅಕ್ಕನೂ ಹಾಗೇ ಸೇರಿಸಿಕೊಂಡಿರಬೇಕು. ಈಗ ಬೇರೆ ಊರಿನಲ್ಲಿ ಒಂದು ಪ್ರಯೋಗಶಾಲೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಈಕೆಯ ಹುಟ್ಟಿದ ದಿನಕ್ಕೆ ಅಕ್ಕನಿಂದ ಎರಡು ಸಾಲಿನ ಸಂದೇಶ ಬರುತ್ತದೆ, ಅಕ್ಕನದಕ್ಕೆ ಈಕೆಯೂ ಎರಡು ಸಾಲು ಕಳಿಸುತ್ತಾಳೆ. ಎರಡು ಸಾಲಿನಲ್ಲಿ ಚೊಂಬಿನ ವಿಷಯ ಹಿಡಿಸುವುದಿಲ್ಲ.

ಅವಳು ಕೆಲಸ ಮಾಡುವ ಗಾಜಿನ ಮನೆಯ ಬಾಗಿಲು ತಳ್ಳಿದರೆ ಸಾಕು, ಒದ್ದೆ ಮಣ್ಣಿನ ಬೆಚ್ಚಗಿನ ಉಸಿರು ಮುಖಕ್ಕೆ ಬಡಿದು ಕನ್ನಡಕ ಮಂಜಾಗುತ್ತದೆ. ಅವಳಿಗೆ ಆ ಗಳಿಗೆ ಇಷ್ಟ. ಏನೂ ಕಾಣಿಸುವುದಿಲ್ಲ, ಯಾರನ್ನೂ ನೋಡಿ ನಗಬೇಕಾಗಿಲ್ಲ. ಒಂದು ಕಡೆ ಕ್ಯಾಮೊಮೈಲ್‌ನ ಉದ್ದನೆಯ ಮಡಿಗಳು, ಔಷಧದ ಕಂಪನಿಗೆ. ಕಷಾಯಕ್ಕೂ ಎಣ್ಣೆಗೂ ಬೇಕಾದ್ದು ಅದರ ಹೂವಿನ ತಲೆ ಮಾತ್ರ, ಆದ್ದರಿಂದ ಕವಲು ಹೆಚ್ಚು ಒಡೆಯಲಿ ಎಂದು ಒಂದು ದ್ರಾವಣ, ದಂಟು ಉದ್ದವಾಗಿ ಬಾಗದಿರಲಿ ಎಂದು ಇನ್ನೊಂದು. ಇನ್ನೊಂದು ಕಡೆ ಅಲಂಕಾರದ ಗಿಡಗಳು, ಪೀಸ್ ಲಿಲಿಯ ಮೇಜುಗಳು. ಅವುಗಳಿಗೆ ಜಿಬ್ಬರೆಲಿನ್, ಹೊತ್ತಿಗೆ ಮುಂಚೆಯೇ ಹೂ ಬರಿಸುವ ಔಷಧಿ. ಕೆಂಪು ಚೀಟಿಯವಕ್ಕೆ ಗಟ್ಟಿ, ಹಳದಿಯವಕ್ಕೆ ತೆಳು, ಬಿಳಿ ಚೀಟಿಯವಕ್ಕೆ ಬರಿ ನೀರು. ಔಷಧಿ ಕಂಡ ಗಿಡ ಎಷ್ಟು ಬದಲಾಯಿತೆಂದು ತಿಳಿಯಬೇಕಾದರೆ ಏನೂ ಕಾಣದ ಗಿಡ ಒಂದು ಪಕ್ಕದಲ್ಲಿರಬೇಕು. ಅದಕ್ಕೂ ಅದೇ ಹೊತ್ತಿಗೆ, ಅಂಥದೇ ಪಂಪಿನಿಂದ, ಅಷ್ಟೇ ಒದ್ದೆಯಾಗುವಂತೆ ಹೊಡೆಯಬೇಕು, ಮೋಸವಾಗಬಾರದು. ಆ ಬಿಳಿ ಚೀಟಿಯ ಮೇಜು ಅವಳದು. ಕೈ ನಡುಗದವಳು, ಗಮನ ಇಟ್ಟು ಮಾಡುವವಳು ಎಂದು ಅವಳಿಗೆ ಕೊಟ್ಟಿದ್ದರು. ಆದರೆ ಹೆಸರು ಬಿದ್ದದ್ದು ಬೇರೆ. "ಬಂದ್ಲಪ್ಪಾ ಬರಿನೀರು!" ಎಂದು ಕೂಗಿದಳು ಪಂಪಕ್ಕ. ಬೆನ್ನಿಗೆ ಔಷಧಿಯ ಪಂಪು ಕಟ್ಟಿಕೊಂಡೇ ಹುಟ್ಟಿದವಳ ಹಾಗೆ ಓಡಾಡುವ ಹೆಂಗಸು ಅವಳು. ಬಾಯಿಗೆ ಮುಖವಾಡ ಕಟ್ಟಿಕೊಂಡರೂ ಮಾತಿಗೆ ಕಟ್ಟಿಕೊಳ್ಳಲಾರಳು. "ಏನೇ, ನಿನ್ನ ಮೇಜು ಇನ್ನೂ ಎದ್ದಿಲ್ವಾ? ನನ್ನವು ನೋಡು, ಬಿಳಿ ಬಟ್ಟೆ ಒಣಗ್ಹಾಕಿದ ಹಾಗಿದೆ. ನಿನ್ನವು ಇನ್ನೂ ಕಂಬಳಿ ಹೊದ್ಕೊಂಡು ಮಲ್ಗಿವೆ."

"ಅವು ಮಲಗ್ಬೇಕಲ್ಲ ಅಕ್ಕ. ಅದಕ್ಕೇ ಇರೋದು."

"ಅಯ್ಯೋ, ಮಾತಾಡ್ತು! ಬರಿನೀರು ಮಾತಾಡ್ತು! ಯಾರಾದ್ರೂ ಕೇಳಿಸ್ಕೊಂಡ್ರಾ?"

ಯಾರೂ ಕೇಳಿಸಿಕೊಂಡಿರಲಿಲ್ಲ. ಅವಳು ಬಾಗಿ ಒಂದು ಬಿಳಿ ಚೀಟಿಯನ್ನು, ಆಗಲೇ ನೆಟ್ಟಗಿದ್ದದ್ದನ್ನು, ಇನ್ನಷ್ಟು ನೆಟ್ಟಗೆ ಮಾಡಿದಳು. ಪಂಪಕ್ಕನ ಕೆಂಪು ಚೀಟಿಯ ಮೇಜಿನ ಕಡೆ ನೋಡಬಾರದು ಎಂದುಕೊಂಡೇ ನೋಡಿದಳು. ಕೊನೆಯಲ್ಲಿದ್ದ ಕೆಲವು ಕುಂಡಗಳಿಗೆ ಪಂಪಕ್ಕ ಮಾತಿನ ಭರದಲ್ಲಿ ಎರಡು ಸಲ ಹೊಡೆದುಬಿಟ್ಟಿದ್ದಳು, ಗಾಜಿನ ಮನೆ ನೋಡಿಕೊಳ್ಳುವ ಡಾಕ್ಟರಿಂದ ಬೈಸಿಕೊಂಡಿದ್ದಳು. ಅವುಗಳ ಹೂವು ಈಗ ಅರಳಿತ್ತು. ಹಾಳೆ ಅಗಲವಾಗುವ ಬದಲು ಸಪೂರವಾಗಿ, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು, ಕತ್ತು ಒಂದು ಕಡೆ ವಾಲಿಸಿಕೊಂಡಿತ್ತು. ಬೆಳಿಗ್ಗೆಯಿಂದ ಅವಳು ಹೆದರಿದ್ದದ್ದು ಇದಕ್ಕೇ. ಈ ಕಸುಬಿನವರು ಯಾರು ನೋಡಿದರೂ ಹೇಳುತ್ತಾರೆ, ಇದು ಎರಡು ಸಲ ಕುಡಿದದ್ದು ಎಂದು. ಕುಡಿದವನ ನಡಿಗೆಯ ಹಾಗೆ, ಮುಚ್ಚಿಡಲಾಗದು.

ಮಧ್ಯಾಹ್ನದ ಮೊದಲು ನೋಡುವವರು ಬಂದರು: ಔಷಧದ ಕಂಪನಿಯವರು ಇಬ್ಬರು, ಹೋಟೆಲುಗಳಿಗೆ ಗಿಡ ಒದಗಿಸುವ ಒಬ್ಬ ದಪ್ಪ ಮನುಷ್ಯ. ಅವರನ್ನು ಸುತ್ತಿಸುತ್ತಿದ್ದವರು ಡಾಕ್ಟರು. ಗಿಡಗಳ ಡಾಕ್ಟರು, ಸದಾ ಜೇಬಿನಲ್ಲಿ ಕತ್ತರಿ ಇಟ್ಟುಕೊಂಡ, ಮಾತು ಮುಗಿಸುವ ಮೊದಲೇ ಮುಂದಿನ ಕುಂಡಕ್ಕೆ ಹೋಗುವ ನರೆತ ಕೂದಲಿನ ಹೆಂಗಸು. ದಪ್ಪ ಮನುಷ್ಯ ಒಂದು ಹೂವನ್ನು ಬೆರಳಿನಿಂದ ತಟ್ಟಿ, "ಅಂದ್ರೆ ಇದು ಡೂಪ್ಲಿಕೇಟ್ ಹೂವು ಅನ್ನಿ," ಎಂದ. ಡಾಕ್ಟರು ನಿಂತರು. ಅವರು ನಿಲ್ಲುವುದು ಅಪರೂಪ. "ಅಲ್ಲ ಸಾರ್. ಔಷಧಿ ಹೂವು ಮಾಡಲ್ಲ. ಹೂವು ಗಿಡದ ಒಳಗೇ ಇರುತ್ತೆ. ಕಾಲ ಬಂದಿದೆ ಅಂತ ನಾವು ಗಿಡಕ್ಕೊಂದು ಸುಳ್ಳು ಹೇಳ್ತೀವಿ, ಅಷ್ಟೇ. ಗಿಡ ಬಿಡೋದು ಮಾತ್ರ ನಿಜವಾದ ಹೂವನ್ನೇ." ಆ ಮಾತು ಮೈಮೇಲೆ ತಣ್ಣೀರು ಚಿಮುಕಿಸಿದ ಹಾಗೆ ಅವಳನ್ನು ತಾಕಿತು. ಕೇಳಬೇಕೆನಿಸಿತು: ಮೇಡಂ, ಒಳಗೆ ಇರಲೇ ಇಲ್ಲ ಅಂದ್ರೆ? ಬರೀ ಎಲೆಯ ಗಿಡವಾಗಿದ್ದರೆ? ಅಷ್ಟರಲ್ಲಿ ಕಂಪನಿಯವರಲ್ಲಿ ಕಿರಿಯವನು ಬಿಳಿ ಚೀಟಿಗಳ ಮೇಜಿನ ಮುಂದೆ ನಿಂತು, ಅವಳ ಕಡೆ ತಿರುಗಿ, ವಿನಯದಿಂದಲೇ ಕೇಳಿದ, "ಇದರಲ್ಲಿ ನೀವೇನು ಮಾಡ್ತೀರಿ?" ಅವಳ ಬಾಯಿ ತೆರೆಯಿತು. ಗಂಟಲಲ್ಲಿ ಸಾಲು, ನೂಕಾಟ. ಹಿಂದಿನಿಂದ ಪಂಪಕ್ಕ, "ನೀರು ಹಾಕ್ತಾಳೆ ಸಾರ್! ನಾಲ್ಕು ವರ್ಷ ಓದಿ ನೀರು ಹಾಕ್ತಾಳೆ!" ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು, ಕೆಟ್ಟದಾಗೇನಲ್ಲ. ಅವಳೂ ನಕ್ಕಳು, ತನ್ನ ಮೇಲಿನ ನಗೆಗೆ ತಾನೂ ಚಂದಾ ಕೊಟ್ಟವಳ ಹಾಗೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ, ತೊಳೆದಿದ್ದ ಕೈಯನ್ನೇ ಮತ್ತೆ ತೊಳೆದುಕೊಂಡಳು. ನೀರು ಬೆರಳುಗಳ ಸಂದಿಯಿಂದ ಇಳಿಯುತ್ತಿದ್ದರೆ ಅಕ್ಕನ ಅರ್ಧ ನಗೆ ನೆನಪಾಯಿತು. ಮೂರು ವರ್ಷದಿಂದ ಆ ಉಳಿದರ್ಧ ಎಲ್ಲಿದೆ?

ಉಳಿದ ದ್ರಾವಣವನ್ನು ನೀಲಿ ಡ್ರಮ್ಮಿಗೆ ಸುರಿಯಬೇಕು, ಅದು ನಿಯಮ. ಕೆಲವು ತಿಂಗಳ ಹಿಂದೆ ಒಂದು ದಿನ ಅವಳು ಕಣ್ಣಿನ ಔಷಧಿಯ ಖಾಲಿ ಸೀಸೆಯೊಂದರಲ್ಲಿ ಸ್ವಲ್ಪ ಉಳಿಸಿಕೊಂಡಿದ್ದಳು. ಜನ್ಮದಲ್ಲಿ ಒಂದು ಪೆನ್ಸಿಲನ್ನೂ ಕೇಳದೆ ತೆಗೆದುಕೊಂಡವಳಲ್ಲ. ಸೀಸೆ ಜೇಬಿನಲ್ಲಿ ಕೆಂಡದ ಹಾಗೆ ಕೂತಿತ್ತು. ಅಮ್ಮ ಹೊಲಿದ ಬಟ್ಟೆ ತಲುಪಿಸಲು ಹೊರಟ ಹೊತ್ತಿಗೆ ಯಂತ್ರದ ಹಿಂದೆ ಮಂಡಿಯೂರಿ, ಎಲೆಗಳ ಬುಡಕ್ಕೆ, ಗಿಡದ ನಡುವಿಗೆ ಸಿಂಪಡಿಸಿದಳು. ಮೂಲೆಯ ಕತ್ತಲಲ್ಲಿ ಹನಿಗಳು ಮೆತ್ತಗೆ ಮಿಂಚಿದವು. ಮಲಗಿದವರ ಕಿವಿಯಲ್ಲಿ ಏನನ್ನೋ ಹೇಳಿದ ಹಾಗಾಯಿತು. ಒಂದು ಸಲ ಸಾಕು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ವಾರ ಕಳೆದರೂ ಏನೂ ಕಾಣಲಿಲ್ಲ. ವಾರದಲ್ಲಿ ಏನೂ ಕಾಣುವುದಿಲ್ಲ, ತಿಂಗಳುಗಳು ಹಿಡಿಯುತ್ತವೆ, ಅದೂ ಅವಳಿಗೆ ಗೊತ್ತು. ಗೊತ್ತಿರುವುದು ತಲೆಗೆ, ಕಾಯುವುದು ತಲೆಯಲ್ಲವಲ್ಲ. ಆ ಸಂಜೆ ಅಮ್ಮ ಎಲೆ ಒರೆಸುತ್ತ, "ಎಲೆ ಬಿಟ್ರೆ ಬೇರೇನಿಲ್ಲ ಇದಕ್ಕೆ. ಯಾರ ಹಠ ಬಂತೋ," ಎಂದಳು. ಅಕ್ಕನ ಹೆಸರನ್ನು ಅಮ್ಮ ಎತ್ತುತ್ತಿರಲಿಲ್ಲ. ಗಿಡ ಚೆನ್ನಾಗಿದೆಯೇನೆ ಎಂದರೆ ಅವಳ ಸುದ್ದಿ ಬಂತೇನೆ ಎಂದರ್ಥ, ಚಳಿಗೆ ಗಿಡ ಸೊರಗುತ್ತೋ ಏನೋ ಎಂದರೆ ಅಲ್ಲೂ ಚಳಿಯಿರಬೇಕು ಎಂದರ್ಥ. ಆ ದನಿ ಕೇಳಿದ ಮರುದಿನವೇ ಅವಳು ಸೀಸೆಯಲ್ಲಿ ಉಳಿದದ್ದನ್ನೂ ಹೊಡೆದುಬಿಟ್ಟಳು. ಹೊಡೆದ ಮೇಲೆ, ಬಾಯಿ ಬಾರದ ಗಿಡಕ್ಕೆ, ತಪ್ಪಾಯ್ತು ಎಂದೂ ಹೇಳಿದಳು.

ಈ ಸಂಜೆ ಮೆಟ್ಟಿಲು ಹತ್ತುವಾಗ ಯಂತ್ರದ ಸದ್ದು ಕೇಳಿಸಲಿಲ್ಲ. ಬಾಗಿಲು ತೆರೆದಿತ್ತು. ಅಮ್ಮ ನಡುಕೋಣೆಯಲ್ಲಿ ನಿಂತಿದ್ದಳು, ಕೊರಳಿಗೆ ಅಳತೆಯ ಟೇಪು, ತುಟಿಗಳ ನಡುವೆ ಗುಂಡುಸೂಜಿಗಳು. ಕೈಯಲ್ಲಿ ಬೂದು ಬಣ್ಣದ ಉಣ್ಣೆಯ ಕೋಟು. ಮೊಗ್ಗು ಕಂಡ ದಿನದಿಂದ ಯಾರದೆಂದು ಹೇಳದೆ ಹೊಲಿಯುತ್ತಿದ್ದದ್ದು ಇದೇ. ಕುಂಡ ಮೂಲೆಯಲ್ಲಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ, ಹಳೆಯ ಜಾಗದಲ್ಲಿ, ಇಳಿಬಿಸಿಲಿನಲ್ಲಿ ಕೂತಿತ್ತು. ಅವಳು ಅತ್ತ ನೋಡುವಷ್ಟರಲ್ಲಿ ಅಮ್ಮ, ಸೂಜಿ ಕಚ್ಚಿದ ಬಾಯಲ್ಲೇ, "ನಿಲ್ಲು, ನಿಲ್ಲು, ಚೀಲ ಇಡು. ಇದನ್ನ ಹಾಕ್ಕೋ. ಅವಳದೂ ನಿನ್ನದೂ ಭುಜ ಒಂದೇ," ಎಂದು ಕೋಟನ್ನು ಅವಳಿಗೆ ತೊಡಿಸಿದಳು. ಅವಳು. ಮೂರು ವರ್ಷದಲ್ಲಿ ಮೊದಲ ಸಲ ಅಮ್ಮನ ಬಾಯಲ್ಲಿ ಅಕ್ಕ ಗಿಡವಾಗದೆ ಅವಳಾಗಿದ್ದಳು. ಕೋಟು ಭಾರವಾಗಿತ್ತು, ಹೊಸ ಉಣ್ಣೆಯ ವಾಸನೆ. ಅಮ್ಮನ ಬೆರಳುಗಳು ಭುಜದ ಮೇಲೆ, ಬೆನ್ನ ಮೇಲೆ, ತೋಳಿನ ಉದ್ದಕ್ಕೂ ಓಡಾಡಿದವು, ಅಲ್ಲಲ್ಲಿ ಸೂಜಿ ಚುಚ್ಚಿ ಹಿಡಿದವು. ಆ ಬೆರಳುಗಳಲ್ಲಿದ್ದ ಮಾರ್ದವ ಎಷ್ಟೋ ಕಾಲದಿಂದ ಅವಳ ಮೈಗೆ ತಾಕಿರಲಿಲ್ಲ. ಈಗಲೂ ಅದು ತನಗಲ್ಲ ಎಂದು ಗೊತ್ತಿದ್ದೂ ಅಲುಗದೆ ನಿಂತಳು. ಅಂಗಡಿಯ ಗಾಜಿನೊಳಗಿನ ಬೊಂಬೆಗೂ ಇಂಥ ಆಸೆ ಇರಬಹುದೇ? "ಸ್ವಲ್ಪ ಸಡಿಲಾನೇ ಬಿಡ್ತೀನಿ," ಎಂದಳು ಅಮ್ಮ, ಹಿಂದಿನಿಂದ. "ದಪ್ಪ ಆಗಿದಾಳೋ, ಸಣ್ಣ ಆಗಿದಾಳೋ. ನಿನಗೇನಾದ್ರೂ ಗೊತ್ತೇನೆ?" ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಒಂದು ಸೂಜಿ ಚುರ್ ಎಂದಿತು. "ಅಲುಗಾಡ್ಬೇಡ ಅಂದ್ನಲ್ಲ." ಆಮೇಲೆ, ಅದೇ ಉಸಿರಿನಲ್ಲಿ, "ಫೋಟೋ ತೆಗೆದು ಕಳ್ಸಿದೀನಿ. ಮಧ್ಯಾಹ್ನ. ಏನೂ ಬರೀಲಿಲ್ಲ, ಬರೀ ಹೂವು. ಕಾನೂನು ಅಂದ್ರೆ ಕಾನೂನು, ನಾನು ಸೋತ ಹಾಗೇನಲ್ಲ."

ಆಗ ಅವಳು ಕಿಟಕಿಯತ್ತ ನೋಡಿದಳು. ಬಿಚ್ಚಿಕೊಂಡಿತ್ತು. ಬೆಳಗಿನಿಂದ ಹೆದರಿದ್ದಷ್ಟೂ ನಿಜವಾಗಿತ್ತು: ಅಗಲವಾಗಬೇಕಿದ್ದ ಬಿಳಿ ಹಾಳೆ ಸಪೂರವಾಗಿ, ತುದಿಯಲ್ಲಿ ತಿರುಚಿ, ಯಾರೋ ಹಿಂಡಿ ಕೊಡವದೆ ಬಿಟ್ಟ ಬಟ್ಟೆಯ ಹಾಗೆ ಒಂದು ಕಡೆ ವಾಲಿತ್ತು. ಅದರ ಹಿಂದೆ ಬೀದಿ, ಬೀದಿಯಾಚೆಯ ಮಾಳಿಗೆ, ನೀರಿನ ಟ್ಯಾಂಕು, ಎಲ್ಲ ನೆಟ್ಟಗಿದ್ದವು. ಅಮ್ಮನಿಗೆ ಕಾಣುತ್ತಿಲ್ಲವೇ? ಅರ್ಧ ನೂಲಿನಷ್ಟು ಹೊಲಿಗೆ ಸೊಟ್ಟವಾದರೆ ಬಿಚ್ಚಿ ಹಾಕುವವಳು. "ಸ್ವಲ್ಪ ವಾಲಿದೆ," ಎಂದಳು ಅಮ್ಮ, ಅವಳ ನೋಟವನ್ನು ಹಿಡಿದವಳ ಹಾಗೆ. "ವಾಲಿದ್ರೇನು. ಕತ್ತಲಲ್ಲಿದ್ದು ಬಂದದ್ದು, ಪಾಪ." ಆ ಪಾಪ ಎಂಬ ಮಾತಿನೊಳಗೆ ಕೋಣೆಯೆಲ್ಲ ಹಿಡಿಸುವಷ್ಟು ಜಾಗವಿತ್ತು. ಹೇಳಬೇಕು ಎಂದುಕೊಂಡಳು. ಹೇಳಿದರೆ ಕೋಟಿನ ಸೂಜಿಗಳೆಲ್ಲ ಒಂದೊಂದಾಗಿ ಕಳಚುತ್ತವೆ, ಕುಂಡ ಮತ್ತೆ ಮೂಲೆಗೆ ಹೋಗುತ್ತದೆ. ಹೇಳದಿದ್ದರೆ? ಹೇಳದಿದ್ದರೆ ಅಕ್ಕ ಬಂದರೂ ಬರಬಹುದು. ಒಂದು ಸೊಟ್ಟ ಸುಳ್ಳನ್ನು ನಂಬಿ, ಆ ದಿನ ಚೊಂಬು ಹಿಡಿದವಳು ಏನನ್ನಬೇಕೆಂದಿದ್ದಳು ಎಂಬುದು ಕೊನೆಯವರೆಗೂ ಗೊತ್ತಾಗದೆ.

ಮೇಜಿನ ಮೇಲೆ ಅಮ್ಮನ ಫೋನು ಗುಂಯ್‌ಗುಟ್ಟುತ್ತ ತನ್ನಷ್ಟಕ್ಕೆ ತಾನು ತಿರುಗತೊಡಗಿತು. ಪರದೆಯ ಮೇಲೆ ಹೆಸರಿರಲಿಲ್ಲ, ಎಂದೋ ಅಳಿಸಿಹಾಕಿದ್ದಳು. ಆದರೂ ಆ ನಂಬರು ಇಬ್ಬರಿಗೂ ಬಾಯಿಪಾಠ. ಅಮ್ಮ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಳು. "ನೀನೇ ತಗೋ," ಎಂದಳು. "ನನ್ನ ಬಾಯಲ್ಲಿ ಸೂಜಿ ಇದೆ." ಸೂಜಿಗಳೆಲ್ಲ ಆಗಲೇ ಕೋಟಿನಲ್ಲಿದ್ದವು. ಅಮ್ಮ ಹೋಗಿ ಯಂತ್ರದ ಮುಂದೆ ಕೂತು, ಬಟ್ಟೆಯಿಲ್ಲದೆಯೇ ಚಕ್ರ ತಿರುಗಿಸಿದಳು.

"ಅಮ್ಮ?" ಎಂದಿತು ಫೋನು. ಆ ದನಿ. ಸ್ವಲ್ಪ ಒಡೆದಿತ್ತು, ಆದರೆ ಅದೇ.

"ನಾನು."

"ಪುಟ್ಟೀ!" ಆ ಕಡೆ ಒಂದು ಉಸಿರು ನಿಂತು ಹೊರಟಿತು. "ಏನೇ ಇದು? ಅಮ್ಮ ಏನೋ ಫೋಟೋ ಕಳ್ಸಿದಾಳೆ. ಬಾವುಟಾನಾ ಅದು?"

"ಊಂ."

"ನೀನು ಇನ್ನೂ ಊಂ ಅನ್ನೋದು ಬಿಟ್ಟಿಲ್ವಾ?" ನಗುವಿಗೆ ಹೊರಟ ದನಿ, ಅರ್ಧಕ್ಕೆ ನಿಂತಿತು. ಆ ಅರ್ಧ ಅವಳಿಗೆ ಗೊತ್ತಿತ್ತು. "ಅಮ್ಮ ಏನಂತಾಳೆ?"

"ಅಮ್ಮ… ಕೋಟು ಹೊಲೀತಿದಾಳೆ."

ಆ ಕಡೆ ಯಾವುದೋ ವಾಹನ ಹಾದುಹೋದ ಸದ್ದು, ಯಾರದೋ ಕಾಲಡಿಗಳು. ಅಕ್ಕ ಬೀದಿಯಲ್ಲಿ ನಿಂತಿದ್ದಾಳೆ ಎನಿಸಿತು. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಯಾವ ಕೋಟು ಹಾಕಿಕೊಂಡು? ಯಾವ ಬಣ್ಣದ್ದು?

"ಎಷ್ಟೊತ್ತಿಂದ ಅದನ್ನೇ ನೋಡ್ತಾ ನಿಂತಿದೀನಿ ಗೊತ್ತಾ," ಎಂದಳು ಅಕ್ಕ, ಮೆಲ್ಲಗೆ. "ಆದ್ರೆ ಯಾಕೆ ಹಾಗಿದೆ ಅದು? ಕತ್ತು ಹಿಸುಕಿದ ಹಾಗೆ? ಮೊದ್ಲೆಲ್ಲ ಎಷ್ಟು ಅಗಲ ಇರ್ತಿತ್ತು. ಗಿಡಕ್ಕೇನೋ ಆಗಿದೆ ಕಣೇ. ನಾನು ಏನಂದ್ಕೋಬೇಕು ಹೇಳು. ನೀನೇನಂತೀಯೇ ಪುಟ್ಟಿ?"

ಗಂಟಲಲ್ಲಿ ಸಾಲು ನಿಂತಿತು. ಇಲ್ಲೇ ಇದ್ದವು ಆ ಮಾತುಗಳೆಲ್ಲ, ಮೂರು ವರ್ಷದಿಂದ ಕದಲದವು. ಕೋಟಿನ ಒಳಗೆ, ಪಕ್ಕೆಯಲ್ಲಿ, ಒಂದು ಸೂಜಿ ಅವಳ ಉಸಿರಿಗೆ ತಕ್ಕ ಹಾಗೆ ತಾಕುತ್ತಿತ್ತು. ನೀರು ಹಾಕ್ತಾ ಇದ್ದೀನಿ ಎಂಬುದು ಎಲ್ಲಕ್ಕಿಂತ ಮುಂದೆ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಪಳಗಿದ ಮಾತು, ಹೊರಗೆ ಬಿಟ್ಟರೆ ಯಾರಿಗೂ ನೋವಾಗದ ಮಾತು. ಅವಳು ಅದನ್ನು ನುಂಗಿಕೊಂಡಳು. ಹಿಂದೆ ಹೊಲಿಗೆ ಯಂತ್ರದ ಚಕ್ರ ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ, ನಿಂತಿತು. ಅಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ. ಕೇಳಿಸಿಕೊಳ್ಳಲಿ. ಕಿಟಕಿಯಲ್ಲಿ ಸೊಟ್ಟ ಹೂವು ಇಳಿಬಿಸಿಲನ್ನು ತನ್ನ ಸಪೂರ ಹಾಳೆಯಲ್ಲಿ ಹಿಡಿಯುವಷ್ಟು ಹಿಡಿದಿತ್ತು.

"ಗಿಡಕ್ಕೇನೂ ಆಗಿಲ್ಲ ಅಕ್ಕ," ಎಂದಳು. ತನ್ನ ದನಿ ಕೋಣೆಯಲ್ಲಿ ಇಷ್ಟು ದೊಡ್ಡದಾಗಿ ಕೇಳಿಸಿದ್ದಕ್ಕೆ ತಾನೇ ಬೆಚ್ಚಿದಳು, ಆದರೂ ತಗ್ಗಿಸಲಿಲ್ಲ. "ನಾನೇ ಔಷಧಿ ಹೊಡೆದು ಹೂ ಬರಿಸಿದೆ, ಎರಡೆರಡು ಸಲ. ನೀನಿಲ್ದೆ ನನಗೆ ಕಾಯೋಕಾಗ್ಲಿಲ್ಲ."